ಉಂಡ ಮನೆಯ ಜಂತೆ ಎಣಿಸುವದು

ಪರಸ್ಥಳಕ್ಕೆ ಹೋದವನು ಅಲ್ಲಿಯ ದೇವಾಲಯಗಳನ್ನು ನೋಡಿ, ಅಲ್ಲಿಯ ಅಡಿಗೆಯ ರುಚಿಯನ್ನು ತಿಳಿದು, ಆ ಊರವರ ಮನೆಯಲ್ಲಿಯೇ ಇಳುಕೊಂಡು ಮರಳಿ ಬಂದ ಮೇಲೆ, ತಾನು ಕಂಡದ್ದನ್ನೆಲ್ಲಾ ಹೇಳಬಹುದೋ? ಉಂಡ ಮನೆಯ ಜಂತೆ ಎಣಿಸಬಾರದೆಂದು ನಮ್ಮ ಹಿರಿಯರು ಹೇಳುತ್ತಾ ಬಂದಿದ್ದಾರೆ. ಸತ್ಯವನ್ನು ಮರೆಮಾಡಬಾರದೆಂದು ಸಹ ನಾವು ಕಲಿತಿದ್ದೇವೆ. ಪ್ರಿಯ ವಾಚಕರೇ, ಈ ಎರಡು ಮಾತುಗಳು ಒಂದಕ್ಕೊಂದು ವಿರೋಧವಾಗಿ ತೋರುವ ಸಮಯದಲ್ಲಿ ನಾವು ಯಾವದನ್ನು ಹಿಡಿಯತಕ್ಕದ್ದು?

ಖಾನಾವಳಿಯಲ್ಲಿ ಉಂಡವನಿಗೆ ಈ ತೊಡಕಿಲ್ಲ. ಅವನು ದುಡ್ಡು ಕೊಟ್ಟನು, ಲೆಕ್ಕ ತೀರಿತು. ಸಾರು ಸಪ್ಪೆಯೆಂದು ಬಾಗಿಲಲ್ಲಿಯೇ ಹೇಳಿ ಹೋಗಬಹುದು. ಮನೆಯ ಅತಿಥಿಗಾದರೋ ತೀರಿಸುವ ದಾರಿಯೇ ಇಲ್ಲ. ದುಡ್ಡು ಚಾಚಿದರೆ ಅದು ಅವಮಾನವಾಗುವದು.

ಚಿಕ್ಕೋಡಿ ಸೀಮೆಯ ಏಕಸಂಬಿಯನ್ನು ದೃಷ್ಟಾಂತವಾಗಿ ತೆಗೆದುಕೊಳ್ಳೋಣ. ಊರು ಬಹು ಪುರಾತನವಾದದ್ದು. ಶಾಸನದಲ್ಲಿ ಅದರ ಹೆಸರು ಎಕ್ಕಸಂಬುಗೆ. ಶಿಲಾಹಾರ ಅರಸರ ದಂಡನಾಯಕನಾದ ಕಾಳಣನು ಅಲ್ಲಿ ನೇಮಿನಾಥನ ಬಸದಿಯನ್ನು ಕಟ್ಟಿಸಿದನೆಂದು ೧೧೬೫ನೆಯ ಇಸವಿಯ ಆ ಶಾಸನವು ತಿಳಿಸುತ್ತದೆ. ಇಂಥ ಕಟ್ಟಡವನ್ನು ನೋಡುವದಕ್ಕೆ ಒಂದು ತಾಸು ಸಾಕು. ಆದರೆ ಈ ಸೀಮೆಯಲ್ಲಿ ಒಕ್ಕಲುತನದ ಜೈನರ ಮನೆಯೊಂದರಲ್ಲಿ ಒಂದು ರಾತ್ರಿ ಇಳುಕೊಂಡವನಿಗೆ ಬಸದಿಯ ಅರ್ಥವು ಬೇರೆ ರೀತಿಯಾಗಿ ತಿಳಿಯುವದು. ನಿಷ್ಠೆಯುಳ್ಳ ಮನೆಗಳಲ್ಲಿ ಹೊತ್ತು ಮುಳುಗುವದಕ್ಕೆ ಮುಂಚೆಯೇ ಊಟವಾಗಬೇಕು. ಕತ್ತಲಾದ ಮೇಲೆ ಅಡಿಗೆಯಿಲ್ಲ, ಯಾಕಂದರೆ ದೀಪಕ್ಕೆ ಮುತ್ತುವ ಹುಳಹುಪ್ಪಡಿಗಳು ಸತ್ತಾವೆಂಬ ಭಯ. ಉಳ್ಳಾಗಡ್ಡಿ ಬೆಳ್ಳುಳ್ಳಿಗಳು ಒಲೆಯ ಹತ್ತಿರ ಬಾರವು. ಹೀಗಿರಲಾಗಿ ದೀಪ ಹಚ್ಚಿದ ಮೇಲೆ ಬಂದ ಅತಿಥಿಯು ಹಸಿದಿದ್ದೇನೆಂದರೆ ಆ ಮನೆಯ ತಾಯಿಯು ಏನು ಮಾಡಬೇಕು? ಬಂದವರನ್ನು ಉಪವಾಸ ಮಲಗಿಸಬೇಕೋ, ತನ್ನ ನೇಮವನ್ನು ಮುರಿಯಬೇಕೋ? ಅವಳನ್ನು ಆ ಇಕ್ಕಟ್ಟಿಗೆ ತಾರದಂತೆ ಬಿಸಿಲಿರುವಾಗಲೇ ಊರು ಸೇರುವದು ಅತಿಥಿಯ ಮೊದಲನೆಯ ಕರ್ತವ್ಯವೆಂದು ನಾವು ಎಣಿಸುತ್ತೇವೆ. ಅವಳ ನಂಬಿಕೆಯು ನಮ್ಮದಲ್ಲ. ಆದಾಗ್ಯೂ ಜೋಳದ ರೊಟ್ಟಿಯೂ ಶೇಂಗಾ ಚಟ್ನಿಯೂ ಅವಳವೇ.

ನಮ್ಮ ನಾಡಿನಲ್ಲಿ ಉಂಡು ಆಮೇಲೆ ಬರೆದ ಪರದೇಶಸ್ಥರಲ್ಲಿ ಅಬ್ಬೆ ದುಬಾಯ್ ಎಂಬ ಫ್ರೆಂಚ್ ಪಾದ್ರಿಗಳು ಬಹು ಪ್ರಸಿದ್ಧರು. ಅವರು ೧೭೯೨ರಲ್ಲಿ ಫ್ರಾನ್ಸನ್ನು ಬಿಟ್ಟು ಬಂದರು. ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ತರುವಾಯ, ಚದರಿಹೋಗಿದ್ದ ಕಥೋಲಿಕ ಸಭೆಯನ್ನು ಕೂಡಿಸುವದಕ್ಕೆ ಮೈಸೂರು ಸೀಮೆಗೆ ಬಂದು ಗಂಜಾಮ್, ಪಾಲಹಳ್ಳಿ ಮುಂತಾದ ಸ್ಥಳಗಳಲ್ಲಿ ವಾಸಮಾಡಿದರು. ಈ ದೇಶದವರ ಉಡುಪನ್ನೇ ಉಟ್ಟು, ಮುಂಡಾಸು ಸುತ್ತಿ, ಊಟದಲ್ಲಿಯೂ ನಡೆಯಲ್ಲಿಯೂ ಇಲ್ಲಿಯವರಂತೆಯೇ ಇದ್ದರು. ಜನರು ಅವರನ್ನು ದೊಡ್ಡ ಸ್ವಾಮಿಯವರು ಎಂದು ಕರೆದರು. ೧೮೦೩-೦೪ರಲ್ಲಿ ಸಾವಿರಾರು ಜನರಿಗೆ ಸಿಡುಬಿನ ಹಾಲು ಹಾಕಿಸಿದರು. ಇದೆಲ್ಲಾ ಉಪಕಾರವೇ ಸರಿ.

ಅವರು ಈ ಜನರ ಆಚಾರ ವ್ಯವಹಾರಗಳ ಕುರಿತು ಬರೆದ ದೊಡ್ಡ ಗ್ರಂಥವನ್ನು ಕಂಪನಿ ಸರಕಾರದವರು ಕ್ರಯಕ್ಕೆ ಕೊಂಡು, ೧೮೧೬ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಗುವಂತೆ ಮಾಡಿದರು. ಅದರಲ್ಲಿ ಕಠಿಣವಾದ ಮಾತುಗಳು ಬಹಳ. ಕಠಿಣವಾದ ಮಾತ್ರಕ್ಕೆ ಸುಳ್ಳೆಂದು ನಾವು ಅನ್ನುವದಿಲ್ಲ. ಜಾತಿಯ ಕಟ್ಟಳೆಗಳ ವಿಷಯವಾಗಿ ನಮಗೆ ತಿಳಿದದ್ದು ಅವರಿಗಿಂತ ಕಡಿಮೆಯಲ್ಲ. ಆದರೆ ಒಂದು ಸಂಗತಿಯನ್ನು ಗಮನಿಸತಕ್ಕದ್ದು. ಆ ಗ್ರಂಥದ ಹೆಚ್ಚು ಪಾಲು, ಅವರಿಗೆ ಮೊದಲಿದ್ದ ಜೆಸುವಿತ ಪಾದ್ರಿಯಾದ ಕರ್ದೂ ಎಂಬವರ ಕೈಬರಹದಿಂದ ಹೆಸರು ಹೇಳದೆ ತೆಗೆದುಕೊಂಡದ್ದೆಂದು ಸಿಲ್ವಿಯಾ ಮ್ಯೂರ್ ಎಂಬ ವಿದ್ವಾಂಸೆಯು ೧೯೮೭ರಲ್ಲಿ ಪ್ರಕಟಿಸಿ ತೋರಿಸಿದಳು. ಅಂದರೆ ಉಂಡದ್ದು ಪಾಲಹಳ್ಳಿಯಲ್ಲಿ, ಬರೆದದ್ದು ಬಹುಮಟ್ಟಿಗೆ ಮತ್ತೊಬ್ಬ ಅತಿಥಿಯ ಕಾಗದದಿಂದ! ೧೮೨೩ರಲ್ಲಿ ಅವರು ಸ್ವದೇಶಕ್ಕೆ ಮರಳಿದರು. ಅದೇ ವರುಷ ಅಚ್ಚಾದ ಪತ್ರಗಳಲ್ಲಿ ಈ ದೇಶದ ಹಿಂದುಗಳನ್ನು ಕ್ರೈಸ್ತರಾಗಿ ಮಾಡುವದು ಅಸಾಧ್ಯವೆಂದು ಸಾರಿದರು. ಜೇಮ್ಸ್ ಹಫ್ ಎಂಬ ಪಾದ್ರಿಗಳು ೧೮೨೪ರಲ್ಲಿ ಅದಕ್ಕೆ ಪ್ರತ್ಯುತ್ತರದ ಪುಸ್ತಕವನ್ನೇ ಬರೆದರು. ಈ ಪುಟವನ್ನು ಓದುತ್ತಿರುವವರು ಬೇರೊಂದು ಪ್ರತ್ಯುತ್ತರವಾಗಿದ್ದಾರೆ. ಆ ಮಾತು ಹಾಗಿರಲಿ.

ಪ್ರಭುವು ಎಪ್ಪತ್ತು ಮಂದಿಯನ್ನು ಊರೂರಿಗೆ ಕಳುಹಿಸಿದಾಗ, ಒಂದೇ ಮನೆಯಲ್ಲಿರ್ರಿ, ಬಡಿಸಿದ್ದನ್ನು ಉಣ್ಣಿರಿ ಎಂದು ಅಪ್ಪಣೆ ಕೊಟ್ಟದ್ದು ನಿಮಗೆ ಗೊತ್ತು. ಸೇರಿಸದ ಊರಿಗೆ ವಿರೋಧವಾಗಿ ಮಾತಾಡುವ ಅಪ್ಪಣೆಯೂ ಅಲ್ಲಿಯೇ ಅದೆ; ಆದರೆ ಅದನ್ನು ಎಲ್ಲಿ ನಿಂತು ಆಡಬೇಕು? ಆ ಊರಿನ ಬೀದಿಯಲ್ಲಿಯೇ ನಿಂತು, ಆ ಊರವರ ಕಿವಿಗೆ ಬೀಳುವಂತೆ. ಬೇರೆ ದೇಶಕ್ಕೆ ಹೋಗಿ, ಅವರಿಗೆ ತಿಳಿಯದ ಭಾಷೆಯಲ್ಲಿ ಅಲ್ಲ. ಜಂತೆ ಎಣಿಸುವದು ಬೇಡವೆಂಬ ಗಾದೆಗೂ ಸತ್ಯಕ್ಕೂ ಇರುವ ಜಗಳವು ಇಲ್ಲಿ ಬಹುಮಟ್ಟಿಗೆ ತೀರುತ್ತದೆಂದು ನಮಗೆ ತೋರುತ್ತದೆ.

ನಮ್ಮಲ್ಲಿ ಅನೇಕರಿಗೆ ಇದಕ್ಕಿಂತ ಕಷ್ಟವಾದ ಪ್ರಶ್ನೆಯುಂಟು. ಮನೆಯವರು ಉಣ್ಣಲಿಕ್ಕೆ ಕರೆಯುತ್ತಾರೆ, ಆದರೆ ಹೊರಗಿನ ಕಟ್ಟೆಯ ಮೇಲೆ ಕೂಡ್ರಿಸಿ, ಬೇರೆ ಇಟ್ಟ ತಾಟಿನಲ್ಲಿ ಬಡಿಸುತ್ತಾರೆ. ಉಂಡವನೇ ಅದನ್ನು ತೊಳೆದಿಡಬೇಕು. ಇಂಥ ರೊಟ್ಟಿಗೆ ಋಣವುಂಟೋ? ಹೊಗೆಯಲ್ಲಿ ಕೂತು ಅದನ್ನು ಬಡಿದವಳ ಶ್ರಮಕ್ಕೆ ಋಣವುಂಟೆಂದೇ ಹೇಳುತ್ತೇವೆ. ಆದರೆ ಬೇರೆ ತಾಟಿನ ವಿಷಯವಾಗಿ ಸುಮ್ಮನಿರಬೇಕೆಂಬ ಋಣವನ್ನು ಯಾವ ರೊಟ್ಟಿಯೂ ಹೊರಿಸಲಾರದು. ಅಲ್ಲಿಯೇ, ಆ ಕಟ್ಟೆಯ ಮೇಲೆಯೇ, ಅಣ್ಣಾ, ಈ ತಾಟು ಯಾಕೆ ಬೇರೆ ಎಂದು ಕೇಳುವವನು ಗಾದೆಯನ್ನು ಮೀರಿದವನಲ್ಲ. ಸುಮ್ಮನೆ ಉಂಡು, ಸಂಜೆಗೆ ನಮ್ಮ ಓಣಿಯಲ್ಲಿ ಕೂತು ಆ ಮನೆಯ ಹೆಂಗಸರ ಬಡತನವನ್ನೋ ಮಗನ ಕುಡಿತವನ್ನೋ ಆಡುವವನೇ ಜಂತೆ ಎಣಿಸಿದವನು. ಕೇಳುವದು ಕಷ್ಟ, ಆಡುವದು ಸುಲಭ. ಮರುದಿನ ಅದೇ ಮನೆಯ ಹೊಲಕ್ಕೆ ಕೂಲಿಗೆ ಹೋಗಬೇಕಾದವನಿಗೆ ಎಷ್ಟು ಕಷ್ಟವೆಂಬದನ್ನು ನಾವು ಬಲ್ಲೆವು. ಅವನು ಇಂದು ಕೇಳಲಾರದೆ ಹೋದರೆ ಅವನನ್ನು ದೂಷಿಸಲೊಲ್ಲೆವು.

ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯಲ್ಲಿ ಫ್ರೆಂಚ್ ಪಾದ್ರಿಗಳು ೧೮೬೦ರ ಸುಮಾರಿಗೆ ಕಟ್ಟಿಸಿದ ದೇವಾಲಯವೊಂದು ಗೋರೂರಿನ ಹೇಮಾವತಿ ಜಲಾಶಯದ ಹಿನ್ನೀರಿನಲ್ಲಿ ನಿಂತದೆ. ಮಳೆಗಾಲದಲ್ಲಿ ನೀರು ಗೋಡೆಗಳನ್ನು ಸುತ್ತುವದು. ಅದನ್ನು ನೋಡಲಿಕ್ಕೆ ದೂರದಿಂದ ಜನರು ಬರುತ್ತಾರೆ, ಚಿತ್ರ ತೆಗೆಯುತ್ತಾರೆ, ಬಂದ ಮೋಟಾರಿನಲ್ಲಿಯೇ ಹಿಂದಿರುಗುತ್ತಾರೆ. ಅಲ್ಲಿ ಉಣಬಡಿಸತಕ್ಕ ಸಭೆಯವರು ನೀರು ಬಂದಾಗ ಊರು ಬಿಟ್ಟು ಬೇರೆ ಕಡೆ ನೆಲಸಬೇಕಾಯಿತು. ಇಂಥ ನೋಟಕನು ಯಾರಿಗೂ ಋಣಿಯಲ್ಲ. ಆ ಕಮಾನುಗಳ ಕೆಳಗೆ ಯಾರ ಮದುವೆಯಾಯಿತು, ಯಾರ ಹೆಣವಿಟ್ಟರು ಎಂದು ಅವನಿಗೆ ಹೇಳುವವರೂ ಇಲ್ಲ.

ನಮ್ಮ ಸಭೆಗಳಿಗೂ ಸುಗ್ಗಿಯ ಹಬ್ಬಕ್ಕೆ ಪರಸ್ಥಳದವರು ಬರುತ್ತಾರೆ, ಉಣ್ಣುತ್ತಾರೆ, ಹೋಗಿ ನಮ್ಮ ವಿಷಯವಾಗಿ ಬರೆಯುತ್ತಾರೆ. ಪಾಲಹಳ್ಳಿಯವರು ಓದಬಲ್ಲ ಭಾಷೆಯಲ್ಲಿ ದುಬಾಯ್ ಪಾದ್ರಿಗಳ ಗ್ರಂಥವಿರಲಿಲ್ಲ. ನಮ್ಮ ಮಕ್ಕಳಾದರೋ ಈಗ ಇಂಗ್ಲಿಷನ್ನು ಓದುತ್ತಾರೆ. ಬರೆದದ್ದರ ಒಂದು ಪ್ರತಿಯನ್ನು ನಮಗೂ ಕಳುಹಿಸಿರೆಂದು ಅತಿಥಿಗಳನ್ನು ಕೇಳಿಕೊಳ್ಳುವದು ಮರ್ಯಾದೆಗೆ ಕುಂದಲ್ಲ. ಎಲೆ ಹಾಕುವಾಗಲೇ ಕೇಳಿದರೆ ಇನ್ನೂ ಒಳ್ಳೇದು.