ಪಂಪು ಹೊಡೆದರೆ ಸಾಲದು

ಯೌವನಸ್ಥರ ಕೂಟದ ಸಂದೇಶ
ವೇದಭಾಗ: ವಿಮೋಚನಕಾಂಡ 25:37-38, 30:7-8

 

ಇವತ್ತು ಒಂದು ದೀಪದ ವಿಷಯ ಮಾತಾಡೋಣ. ಪೆಟ್ರೋಮ್ಯಾಕ್ಸ್. ನಮ್ಮ ಕೆರಗೋಡಿನ ಕಡೆ ಹಿರಿಯರು ಗ್ಯಾಸ್‌ಲೈಟು ಅಂತಾರೆ. ನಮ್ಮ ಜಿಲ್ಲೆಯ ಶಿವನಸಮುದ್ರದಲ್ಲಿ 1902ರಲ್ಲೇ ವಿದ್ಯುತ್ ಹುಟ್ಟಿತು. ಆದರೆ ಅದು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ! ನಮ್ಮ ಹಳ್ಳಿಗಳು ಎಷ್ಟೋ ವರ್ಷ ಸೀಮೆಎಣ್ಣೆಯಲ್ಲೇ ಕಾಲ ಕಳೆದವು. ಮದುವೆ ಮೆರವಣಿಗೆ, ನಾಟಕ, ರಾತ್ರಿ ಕೂಟ, ಎಲ್ಲಕ್ಕೂ ಈ ಗ್ಯಾಸ್‌ಲೈಟೇ.

ಅದು ಉರಿಯೋದು ಹೇಗೆ? ಕೆಳಗಿನ ಟ್ಯಾಂಕಿನಲ್ಲಿ ಮುಕ್ಕಾಲು ಭಾಗ ಸೀಮೆಎಣ್ಣೆ, ಉಳಿದ ಜಾಗ ಗಾಳಿಗೆ. ಪಂಪು ಹೊಡೆದರೆ ಗಾಳಿಯ ಒತ್ತಡಕ್ಕೆ ಎಣ್ಣೆ ಮೇಲೇರುತ್ತೆ. ಮೊದಲೇ ಸ್ಪಿರಿಟ್ ಉರಿಸಿ ಕಾಯಿಸಿದ ಕೊಳವೆಯಲ್ಲಿ ಅದು ಆವಿಯಾಗುತ್ತೆ. ಆ ಆವಿ ಸೂಜಿಮೊನೆಯಷ್ಟು ಸಣ್ಣ ತೂತಿನಿಂದ ನುಗ್ಗಿ, ಗಾಳಿಯ ಜೊತೆ ಬೆರೆತು, ಮ್ಯಾಂಟಲ್ಲಿನಲ್ಲಿ ಉರಿಯುತ್ತೆ.

ದೀಪ ಮಂಕಾದಾಗ ಹೊಸಬರು ಏನು ಮಾಡ್ತಾರೆ? ಇನ್ನೂ ಪಂಪು ಹೊಡೀತಾರೆ. ಕೆಲಸ ಬಲ್ಲವರು ಹಾಗೆ ಮಾಡಲ್ಲ. ಮೊದಲು ಒತ್ತಡ ತೋರಿಸುವ ಮೀಟರಿನ ಮುಳ್ಳು ನೋಡ್ತಾರೆ. ಮಂಕು ಒಂದೇ ಥರ ಕಂಡರೂ ಕಾರಣ ಒಂದೇ ಅಲ್ಲ, ಪ್ರಿಯರೇ.

ಮೊದಲನೆಯದು, ಮುಳ್ಳು ಮೇಲೇ ಇದೆ, ಬೆಳಕು ಮಾತ್ರ ಇಲ್ಲ. ಅಂದರೆ ತೂತು ಕಟ್ಟಿದೆ. ಕಟ್ಟಿರೋದು ಏನು? ಮಸಿ. ಆ ಮಸಿ ಬೀದಿಯ ಧೂಳಲ್ಲ. ಬಿಸಿ ಕೊಳವೆಯಲ್ಲಿ ಹಾದು ಬರುವ ಎಣ್ಣೆಯಿಂದಲೇ ಆದದ್ದು! ಉರಿಯುವ ದೀಪದಲ್ಲೇ ಮಸಿ ಕಟ್ಟುತ್ತೆ. ಶೆಲ್ಫಿನ ಮೇಲೆ ಸುಮ್ಮನೆ ಕೂತ ದೀಪಕ್ಕೆ ಆ ಕಾಟವಿಲ್ಲ. ಆರಾಧನೆ ನಡೆಸುವವರೇ, ಭಾನುವಾರ ಶಾಲೆಯ ಶಿಕ್ಷಕರೇ, ಕೇಳಿ. ಸೇವೆ ಮಾಡುತ್ತಾ ಮಾಡುತ್ತಾನೇ ನಮ್ಮೊಳಗೆ ಏನೋ ಕಟ್ಟಿಕೊಳ್ಳುತ್ತೆ. ನನ್ನನ್ನು ಯಾರೂ ಗುರುತಿಸಲಿಲ್ಲ ಅನ್ನೋ ಕಹಿ. ಜೊತೆಯಲ್ಲಿ ಹಾಡುವವರ ಮೇಲೆ ಕ್ಷಮಿಸದ ಒಂದು ಮಾತು. ಫೋನಿನಲ್ಲಿ ಮುಚ್ಚಿಟ್ಟ ಒಂದು ಪಾಪ. ಆಗ ನಾವು ಇನ್ನೊಂದು ಕೂಟ, ಇನ್ನೊಂದು ಉಪವಾಸ ಅಂತ ಓಡ್ತೀವಿ. ಅವು ಒಳ್ಳೆಯವೇ. ಆದರೆ ತೂತು ಕಟ್ಟಿದ್ದರೆ ಒತ್ತಡ ಏರುತ್ತೆ ಹೊರತು ಬೆಳಕು ಏರಲ್ಲ. ಗ್ಯಾಸ್‌ಲೈಟಿಗೆ ಒಂದು ಸಣ್ಣ ಪಿನ್ನು ಸಾಕು. ನಿಮಗೆ ಒಂದು ಪ್ರಾಮಾಣಿಕ ಅರಿಕೆ, ಒಬ್ಬ ಅಣ್ಣನಿಗೋ ಅಕ್ಕನಿಗೋ ಮಾಡುವ ಒಂದು ಫೋನ್ ಕಾಲ್.

ಎರಡನೆಯದು, ಎಷ್ಟು ಹೊಡೆದರೂ ಮುಳ್ಳು ಏರಲ್ಲ. ಪಂಪು ಸಡಿಲವಾಗಿ ಒಳಗೆ ಹೊರಗೆ ಆಡುತ್ತೆ. ಇಲ್ಲಿ ತೂತಿನ ತಪ್ಪಿಲ್ಲ. ಪಂಪಿನ ಚರ್ಮದ ವಾಷರ್ ಒಣಗಿದೆ. ಅದನ್ನು ಬೈದರೆ ಸರಿಹೋಗುತ್ತಾ? ಬಿಚ್ಚಿ, ಎಣ್ಣೆಯಲ್ಲಿ ನೆನೆಸಿ, ಅಂಚು ಅಗಲಿಸಿ ಹಾಕಬೇಕು. ಎಲೀಯನನ್ನು ನೋಡಿ, 1 ಅರಸುಗಳು 19. ಸಾಯುತ್ತೇನೆ ಅಂತ ಮರದ ಕೆಳಗೆ ಮಲಗಿದವನಿಗೆ ದೇವದೂತನು ಪ್ರಸಂಗ ಮಾಡಲಿಲ್ಲ. ರೊಟ್ಟಿ ಕೊಟ್ಟ, ನೀರು ಕೊಟ್ಟ, ಮತ್ತೆ ಮಲಗಲು ಬಿಟ್ಟ. ನೈಟ್ ಶಿಫ್ಟ್ ಮುಗಿಸಿ ಬಂದು ಪ್ರಾರ್ಥನೆಯಲ್ಲಿ ತೂಕಡಿಸುವ ತಮ್ಮಾ, ನಿನ್ನ ಮಂಕುತನವೆಲ್ಲ ಪಾಪವಲ್ಲ. ನಿದ್ದೆ ಮಾಡು. ಊಟ ಮಾಡು. ತಿಂಗಳುಗಟ್ಟಲೆ ಮನಸ್ಸು ಏಳದಿದ್ದರೆ ಡಾಕ್ಟರ ಹತ್ತಿರ ಹೋಗು. ಅದು ಅವಿಶ್ವಾಸವಲ್ಲ. ಒಣಗಿದವರನ್ನು ಪಾಪಿಗಳೆಂದು ಪಂಪು ಹೊಡೆಯುವ ಸಭೆ ಆಗೋದು ಬೇಡ.

ಹಾಗಾದರೆ ನನ್ನಲ್ಲಿರೋದು ಮಸಿಯೋ, ಒಣಗಿದ ವಾಷರೋ? ಬಿಚ್ಚಿ ನೋಡದೆ ಗೊತ್ತಾಗಲ್ಲ. ಉರಿಯುತ್ತಿರುವಾಗ ಬಿಚ್ಚುವ ಹಾಗೂ ಇಲ್ಲ. ಗಾಳಿ ಬಿಡಬೇಕು, ಆರಿಸಬೇಕು, ತಣ್ಣಗಾಗಲು ಕಾಯಬೇಕು. ದಿನಕ್ಕೆ ಹತ್ತು ನಿಮಿಷ ಫೋನು ಬದಿಗಿಟ್ಟು ದೇವರ ಮುಂದೆ ಸುಮ್ಮನೆ ಕೂರೋದಕ್ಕೂ ಇದೇ ಕಾರಣ.

ಈಗ ವೇದಭಾಗಕ್ಕೆ ಬನ್ನಿ. ಆರೋನನು ದೀಪಗಳನ್ನು ಸಂಜೆ ಹಚ್ಚುವುದಷ್ಟೇ ಅಲ್ಲ, ದಿನಾ ಬೆಳಿಗ್ಗೆ ಸರಿಪಡಿಸಬೇಕಿತ್ತು. ರಾತ್ರಿ ಚೆನ್ನಾಗಿ ಉರಿದ ಬತ್ತಿಗೇ ಬೆಳಿಗ್ಗೆ ಕತ್ತರಿ ಬೇಕು. ಆ ಕತ್ತರಿ ಯಾವುದರಿಂದ ಮಾಡಿದ್ದು? 25:38 ಓದಿ. ಅಪ್ಪಟ ಬಂಗಾರ! ದೀಪಸ್ತಂಭಕ್ಕೆ ಯಾವ ಬಂಗಾರವೋ, ಮಸಿ ತೆಗೆಯುವ ಸಲಕರಣೆಗೂ ಅದೇ ಬಂಗಾರ. ಹಲ್ಲೆಲೂಯಾ! ನಿಮ್ಮನ್ನು ಶುಚಿಮಾಡುವ ಕೆಲಸ ದೇವರಿಗೆ ಕೀಳಲ್ಲ, ಬೇಸರವಲ್ಲ. ಅದೂ ಪರಿಶುದ್ಧ ಸೇವೆಯೇ.

ಇವತ್ತು ದೀಪಸ್ತಂಭಗಳ ನಡುವೆ ನಡೆದಾಡುವವನು ಯಾರು? ಪ್ರಕಟನೆ 2:1, ನಮ್ಮ ಯೇಸುವೇ. ಆತನು ಮಂಕಾದ ದೀಪವನ್ನು ಗುಜರಿಗೆ ಹಾಕುವವನಲ್ಲ. ಕೈಗೆತ್ತಿಕೊಂಡು ನೋಡುವವನು.

ಪ್ರಾರ್ಥಿಸೋಣ. ಕರ್ತನೇ, ನಮ್ಮೊಳಗೆ ಕಟ್ಟಿದ ಮಸಿಯನ್ನು ತೋರಿಸು. ಒಣಗಿದ್ದನ್ನು ನಿನ್ನ ಆತ್ಮನಿಂದ ನೆನೆಸು. ಯಾವುದು ಯಾವುದೆಂದು ತಿಳಿಯುವ ವಿವೇಕ ಕೊಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.