ಯಾರ ನಾಲಗೆ?

ಮೂಡಿಗೆರೆ ಸಂತೆಯಲ್ಲಿ ರಾಶಿ ಹಾಕಿ ಮಾರುವ ಟೀ ಶರ್ಟುಗಳ ನಡುವೆ ಕೆಂಪು ತುಟಿ, ಚಾಚಿದ ನಾಲಗೆಯ ಚಿತ್ರ ಆಗಾಗ ನನ್ನ ಕಣ್ಣಿಗೆ ಬೀಳುತ್ತದೆ. ಅದು ರೋಲಿಂಗ್ ಸ್ಟೋನ್ಸ್ ಎಂಬ ಇಂಗ್ಲಿಷ್ ರಾಕ್ ಬ್ಯಾಂಡಿನ ಲಾಂಛನವೆಂದು ಅದನ್ನು ತೊಟ್ಟು ಕಾಫಿ ಕೊಯ್ಲಿಗೆ ಹೋಗುವ ಹುಡುಗರಿಗೆ ಗೊತ್ತಿರಬೇಕಿಲ್ಲ. ಆದರೂ ನಾಲಗೆ ಹೊಸದಲ್ಲ. ಕ್ಯಾಲೆಂಡರಿನ ಕಾಳಿಯಲ್ಲಿ ನೋಡಿದ್ದೇ.

1970ರಲ್ಲಿ ಬ್ಯಾಂಡಿನ ಗಾಯಕ ಮಿಕ್ ಜಾಗರ್ ಲಂಡನ್ನಿನ ಕಲಾಶಾಲೆಯ ವಿದ್ಯಾರ್ಥಿ ಜಾನ್ ಪಾಶ್‌ಗೆ ಕಾಳಿಯ ಚಿತ್ರವೊಂದನ್ನು ತೋರಿಸಿದ. ಪಾಶ್ ದೇವಿಯನ್ನು ಬಿಟ್ಟು ಬಾಯಿಯನ್ನಷ್ಟೇ ಉಳಿಸಿಕೊಂಡ. ಸಂಭಾವನೆ 50 ಪೌಂಡ್. 1971ರ 'ಸ್ಟಿಕಿ ಫಿಂಗರ್ಸ್' ಆಲ್ಬಂನೊಂದಿಗೆ ಅದು ಲೋಕಕ್ಕೆಲ್ಲ ಹಬ್ಬಿತು. 2008ರಲ್ಲಿ ಮೂಲಚಿತ್ರವನ್ನು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಕೊಂಡುಕೊಂಡಿತು.

ಇದು ಕಳವೇ? ಕಾಳಿಗೆ ಅವಮಾನವಾಯಿತೆಂದು ನನಗನ್ನಿಸುವುದಿಲ್ಲ. ಅವಳು ಅಷ್ಟು ಸಣ್ಣವಳಲ್ಲ. ಕಾಡುವುದು ಬೇರೆ. ರಕ್ತಬೀಜನ ಒಂದೊಂದು ಹನಿ ನೆಲಕ್ಕೆ ಬಿದ್ದಾಗಲೂ ಮತ್ತೊಬ್ಬ ರಕ್ಕಸ ಹುಟ್ಟುತ್ತಿದ್ದ. ಅದನ್ನು ತಡೆಯಲೆಂದೇ ಕಾಳಿ ನಾಲಗೆ ಚಾಚಿದ್ದು. ಈಗ ನಾಲಗೆಯೇ ರಕ್ತಬೀಜನಾಗಿದೆ: ಶರ್ಟು, ಮಗ್ಗು, ಕೀಚೈನು, ಎಲ್ಲೆಲ್ಲೂ.

ಹಣ ಹುಟ್ಟಿದ ಮೇಲೆ ಋಣದ ಮಾತೂ ಬರಬೇಕಲ್ಲ. ಆ ಋಣ ದೇವಿಯದಲ್ಲ, ಜಾಗರ್ ತೋರಿಸಿದ ಆ ಕಾಳಿಯನ್ನು ಬರೆದವರದು. 50 ಪೌಂಡ್ ಪಡೆದ ಪಾಶ್ ಹೆಸರಾದರೂ ಉಳಿದಿದೆ. ಅವರ ಹೆಸರನ್ನು ಯಾರೂ ಕೇಳಿದಂತಿಲ್ಲ.