ದಿಗ್ವ್ರತವೂ ಹಿಮಸಾಗರದ ಹಡಗೂ

ದಕ್ಷಿಣ ಅಮೆರಿಕೆಯ ತುತ್ತತುದಿಯಲ್ಲಿರುವ ಉಶುವಾಯ ಎಂಬ ಬಂದರಿನಿಂದ, ಆ ಗೋಳಾರ್ಧದ ಬೇಸಗೆಯಾದ ನವೆಂಬರು ಮೊದಲ್ಗೊಂಡು ಮಾರ್ಚಿಯವರೆಗೆ, ಅಂಟಾರ್ಕ್ಟಿಕಾ ಖಂಡವನ್ನು ಕಣ್ಣಾರೆ ಕಾಣಬೇಕೆಂಬವರನ್ನು ಹೊತ್ತ ಎಕ್ಸ್‌ಪೆಡಿಷನ್ ಹಡಗುಗಳು ಒಂದರ ಹಿಂದೊಂದು ಹೊರಡುತ್ತಲೇ ಇರುವುವು. ಡ್ರೇಕ್ ಜಲಸಂಧಿಯ ತೆರೆಗಳ ಮೇಲೆ ಸುಮಾರು ಎರಡು ದಿನ ತೂಗಾಡಿದ ಮೇಲೆ, ಮೂಲನಿವಾಸಿಗಳೆಂಬವರೇ ಇಲ್ಲದ, ಮನುಷ್ಯನ ಹೊಲಮನೆಗಳ ಗುರುತನ್ನೇ ಅರಿಯದ ಹಿಮದ ನಾಡೊಂದು ಯಾತ್ರಿಕರಿಗೆ ಎದುರಾಗುತ್ತದೆ. ಅಲ್ಲಿಗೆ ಹೋಗತಕ್ಕವನು ಎಷ್ಟೋ ತಿಂಗಳು ಮುಂಚಿತವಾಗಿಯೇ ಕೆಲವು ಸಂಗತಿಗಳನ್ನು ನಿಶ್ಚಯಿಸಿ ಹಣ ಕಟ್ಟಬೇಕಾಗುತ್ತದೆ: ತಾನು ಮಲಗುವ ಕ್ಯಾಬಿನ್ನು ಯಾವ ಅಂತಸ್ತಿನದು, ತನ್ನ ಊಟದ ಕ್ರಮ ಯಾವುದು, ಹಡಗಿನಿಂದಿಳಿದು ಕೈಗೊಳ್ಳುವ ಸಂಚಾರಗಳಲ್ಲಿ ಯಾವುದಕ್ಕೆ ತನ್ನ ಹೆಸರನ್ನು ಬರೆಯಿಸಬೇಕು. ಮೇಲ್ನೋಟಕ್ಕೆ ಇವೆಲ್ಲ ವ್ಯವಹಾರದ ಮಾತುಗಳು. ಧರ್ಮಜಿಜ್ಞಾಸೆಗೆ ಇಲ್ಲಿ ಎಡೆಯೆಲ್ಲಿಯದು ಎಂದು ಕೇಳುವವರಿರಬಹುದು. ಆದರೆ ಊಟ, ಶಯ್ಯೆ, ಸಂಚಾರಗಳೆಂಬ ಇವೇ ವಸ್ತುಗಳ ಮೇಲೆ ನಮ್ಮ ನಾಡಿನ ಜೈನ ಧರ್ಮಪರಂಪರೆಯು ಅತ್ಯಂತ ಸೂಕ್ಷ್ಮವಾದ ವಿಚಾರವನ್ನು ನಡೆಯಿಸಿ, ಗೃಹಸ್ಥನ ವ್ರತಗಳನ್ನು ನಿರ್ಮಿಸಿರುವುದು ನನಗೆ ಬಹುಕಾಲದಿಂದ ಚಿಂತನೆಯ ವಿಷಯವಾಗಿದೆ.

ಆ ಪರಂಪರೆಯ ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಶ್ರಾವಕನಿಗೆ, ಎಂದರೆ ಗೃಹಸ್ಥನಿಗೆ, ಅಹಿಂಸೆ ಮೊದಲಾದ ಐದು ಅಣುವ್ರತಗಳನ್ನು ಹೇಳಿದ ಮೇಲೆ, ಅವುಗಳಿಗೆ ಬಲವನ್ನು ತುಂಬತಕ್ಕ ಮೂರು ಗುಣವ್ರತಗಳನ್ನು ವಿಧಿಸುತ್ತದೆ. ಮೊದಲನೆಯದು ದಿಗ್ವ್ರತ: ಹತ್ತು ದಿಕ್ಕುಗಳಲ್ಲಿಯೂ ತಾನು ಇಷ್ಟು ದೂರವನ್ನು ಮೀರಿ ಹೋಗುವುದಿಲ್ಲವೆಂದು ಗೃಹಸ್ಥನು ಸಾಯುವವರೆಗೆ ಪಾಲಿಸಬೇಕಾದ ಎಲ್ಲೆಯನ್ನು ತಾನೇ ಹಾಕಿಕೊಳ್ಳುವುದು. ಆ ಎಲ್ಲೆಗಳನ್ನು ಗುರುತಿಸುವುದಕ್ಕೆ ಆಚಾರ್ಯರು ಸಮುದ್ರ, ನದಿ, ಅಡವಿ, ಪರ್ವತ, ಜನಪದ, ಯೋಜನಗಳನ್ನು ಹೆಸರಿಸುವಾಗ ಸಮುದ್ರವನ್ನೇ ಮೊದಲು ಹೇಳಿರುವರು. ಎರಡನೆಯದು ಅನರ್ಥದಂಡವ್ರತ, ಎಂದರೆ ಪ್ರಯೋಜನವಿಲ್ಲದ ಹಿಂಸೆಯಿಂದ ನಿವೃತ್ತಿ. ವ್ಯರ್ಥವಾಗಿ ನೆಲವನ್ನು ಕೆದಕುವುದು, ನೀರನ್ನು ಚೆಲ್ಲುವುದು, ಬೆಂಕಿಯನ್ನು ಉರಿಸುವುದು ಇವುಗಳ ಸಾಲಿನಲ್ಲಿಯೇ ವ್ಯರ್ಥವಾಗಿ ಅಲೆಯುವುದನ್ನೂ, ಇತರರನ್ನು ಅಲೆಯಿಸುವುದನ್ನೂ ಅವರು ಪ್ರಮಾದವೆಂದು ಎಣಿಸುತ್ತಾರೆ. ಮೂರನೆಯದು ಭೋಗೋಪಭೋಗ ಪರಿಮಾಣ: ಅನ್ನದಂತೆ ಒಮ್ಮೆ ಉಂಡು ಮುಗಿಯುವ ಭೋಗಕ್ಕೂ, ವಸ್ತ್ರದಂತೆ ಮತ್ತೆ ಮತ್ತೆ ಬಳಸುವ ಉಪಭೋಗಕ್ಕೂ ಒಂದು ಅಳತೆಯನ್ನು ಗೊತ್ತುಮಾಡಿಕೊಳ್ಳುವುದು. ಹಡಗಿನ ಪ್ರಯಾಣಿಕನು ತುಂಬಿಕೊಡುವ ಅರ್ಜಿಯ ಅಂಕಣಗಳು ಈ ಮೂರು ವ್ರತಗಳ ಕ್ಷೇತ್ರಕ್ಕೆ ಇಷ್ಟು ನೇರವಾಗಿ ಹೊಂದಿಕೊಳ್ಳುವುದನ್ನು ಕಂಡು ನಾನು ವಿಸ್ಮಯಪಟ್ಟಿದ್ದೇನೆ.

ಸಮುದ್ರಯಾನವನ್ನು ನಿಷೇಧಿಸಿದ ಇನ್ನೊಂದು ಪರಂಪರೆಯೂ ನಮ್ಮಲ್ಲಿ ಉಂಟು. ಬೌಧಾಯನ ಧರ್ಮಸೂತ್ರವು ಅದನ್ನು ಪತನಕ್ಕೆ ಕಾರಣವಾದ ಕರ್ಮಗಳಲ್ಲಿ ಎಣಿಸಿದೆ. ಆ ನಿಷೇಧದ ಕಾಳಜಿಯೆಲ್ಲ ಹೋಗುವವನ ಶುದ್ಧಿಯನ್ನು ಕುರಿತದ್ದು. ಕಾಲವು ಅದನ್ನು ಬದಿಗಿಟ್ಟದ್ದು ಸರಿಯೇ ಆಯಿತು. ದಿಗ್ವ್ರತದ ದೃಷ್ಟಿ ಬೇರೆ. ಹೆಜ್ಜೆಯಿಟ್ಟಲ್ಲೆಲ್ಲ ಯಾವುದೋ ಜೀವಕ್ಕೆ ನೋವು ತಪ್ಪಿದ್ದಲ್ಲವಾದುದರಿಂದ, ಹೆಜ್ಜೆಯಿಡದ ಭೂಭಾಗವೆಲ್ಲವೂ ನನ್ನಿಂದ ಅಭಯವನ್ನು ಪಡೆದಿದೆ ಎಂಬುದು ಅದರ ಆಶಯ. ತನ್ನ ಎಲ್ಲೆಯ ಹೊರಗಿನ ಲೋಕದ ವಿಷಯದಲ್ಲಿ ಸಾಮಾನ್ಯ ಗೃಹಸ್ಥನ ಅಣುವ್ರತಗಳೇ ಮುನಿಯ ಮಹಾವ್ರತಗಳ ಸ್ಥಿತಿಯನ್ನು ಪಡೆಯುವುವೆಂದು ಆಚಾರ್ಯರು ಹೇಳುವುದರ ಗಾಂಭೀರ್ಯವನ್ನು ಓದುಗರು ನಿಧಾನವಾಗಿ ಮನಸ್ಸಿಗೆ ತಂದುಕೊಳ್ಳಬೇಕೆಂದು ಬೇಡುತ್ತೇನೆ. ಹೋಗದಿರುವುದು ಕೊರತೆಯಲ್ಲ, ಅದು ಅಲ್ಲಿನ ಜೀವಿಗಳಿಗೆ ನಾವು ಸಲ್ಲಿಸುವ ಒಂದು ದಾನ.

ಹಾಗಾದರೆ ಹೋದವನು ಅಧರ್ಮಿಯೆ? ಅಷ್ಟು ಬೇಗ ತೀರ್ಪು ಕೊಡುವಂತಿಲ್ಲ. ಏಕೆಂದರೆ ಅಂಟಾರ್ಕ್ಟಿಕಾದ ದಡದಲ್ಲಿ ಇಂದು ಪಾಲಿಸಲಾಗುತ್ತಿರುವ ನಿಯಮಗಳನ್ನು ನೋಡಿದರೆ, ಜಿನಾಗಮವನ್ನು ಎಂದೂ ಕೇಳದ ಜನರು ಅನುಭವದ ಒತ್ತಾಯದಿಂದಲೇ ಅಹಿಂಸೆಯ ಶಾಸ್ತ್ರವೊಂದನ್ನು ರಚಿಸಿಕೊಂಡಿರುವರೆಂದು ತೋರುತ್ತದೆ. 1991ರಲ್ಲಿ ಸ್ಥಾಪಿತವಾದ ಪ್ರವಾಸ ಸಂಸ್ಥೆಗಳ ಸಂಘವಾದ ಐಆಟೋ ಗೊತ್ತುಮಾಡಿದ ಕ್ರಮದಂತೆ, ಒಂದು ಸ್ಥಳದಲ್ಲಿ ಒಮ್ಮೆಗೆ ನೂರಕ್ಕಿಂತ ಹೆಚ್ಚು ಯಾತ್ರಿಕರು ನೆಲವನ್ನು ಮೆಟ್ಟುವಂತಿಲ್ಲ. ಐನೂರಕ್ಕೆ ಮೀರಿ ಪ್ರಯಾಣಿಕರನ್ನು ಹೊತ್ತ ಹಡಗು ಒಬ್ಬನನ್ನೂ ಇಳಿಸುವಂತಿಲ್ಲ. ಇಪ್ಪತ್ತು ಜನಕ್ಕೆ ಒಬ್ಬ ಮಾರ್ಗದರ್ಶಕನಿರಬೇಕು. ಇಳಿಯುವ ಮುನ್ನ ಬೂಟುಗಳನ್ನು ಸೋಂಕುನಿವಾರಕದಲ್ಲಿ ತೊಳೆದು, ಜೇಬಿನ ಮೂಲೆಗಳಲ್ಲಿಯೂ ವೆಲ್ಕ್ರೋ ಪಟ್ಟಿಗಳ ಎಳೆಗಳಲ್ಲಿಯೂ ಹುಲ್ಲಿನ ಬೀಜವೊಂದು ಸಿಕ್ಕಿಕೊಂಡಿದೆಯೇ ಎಂದು ಹುಡುಕಿ ತೆಗೆಯುತ್ತಾರೆ. ಪೆಂಗ್ವಿನ್ನಿಗೆ ಐದು ಮೀಟರಿಗಿಂತ ಹತ್ತಿರ ಹೋಗಬಾರದು. ಅದು ಎದುರಾಗಿ ನಡೆದು ಬಂದರೆ ನಿಂತು ದಾರಿ ಬಿಡಬೇಕು. ಇವುಗಳಲ್ಲೆಲ್ಲ ನನ್ನ ಮನಸ್ಸನ್ನು ಆಳವಾಗಿ ತಟ್ಟಿದ್ದು ಇನ್ನೊಂದು ವಿಧಿ. ಮೆದುವಾದ ಹಿಮದಲ್ಲಿ ಮನುಷ್ಯನ ಕಾಲು ಮೊಣಕಾಲುಮಟ್ಟ ಹುಗಿದರೆ ಆ ಜಾಗದಲ್ಲಿ ಒಂದು ಗುಳಿ ಉಳಿಯುತ್ತದೆ. ಸಮುದ್ರದಿಂದ ಮರಿಗೆ ಆಹಾರವನ್ನು ತರುವ ಪೆಂಗ್ವಿನ್ನು ಅದರೊಳಗೆ ಬಿದ್ದರೆ ಮೇಲಕ್ಕೇರಲಾರದೆ ಸಿಕ್ಕಿಕೊಳ್ಳಬಹುದು. ಆದುದರಿಂದ ನಡೆದವನು ಹಿಂದಿರುಗಿ ನೋಡಿ, ತನ್ನ ಹೆಜ್ಜೆಯ ಗುಳಿಯನ್ನು ತಾನೇ ಹಿಮದಿಂದ ಮುಚ್ಚಿ ಮುಂದೆ ಹೋಗಬೇಕು. ನಾಲ್ಕು ಮೊಳ ನೆಲವನ್ನು ಮುಂದೆ ನೋಡುತ್ತ ನಡೆಯಬೇಕೆಂದು ಮುನಿಗೆ ವಿಧಿಸಿದ ಈರ್ಯಾಸಮಿತಿಯು ಇಲ್ಲಿ ಇನ್ನೊಂದು ಮೆಟ್ಟಿಲನ್ನು ಏರಿದೆ: ಇಡುವ ಹೆಜ್ಜೆಯನ್ನು ಮಾತ್ರವಲ್ಲದೆ ಇಟ್ಟುಬಂದ ಹೆಜ್ಜೆಯನ್ನೂ ನೋಡು ಎಂಬುದು ಇದರ ಶಾಸನ. ಇಂತಹ ವಿಧಿಯನ್ನು ಮನಃಪೂರ್ವಕವಾಗಿ ಪಾಲಿಸಿದವನನ್ನು ಬರಿಯ ವಿಹಾರಾರ್ಥಿಯೆಂದು ಕರೆಯಲು ನನಗೆ ಮನಸ್ಸೊಪ್ಪದು.

ಆದರೆ ಅದೇ ಯಾತ್ರಿಕನು ಜೋಡಿಯಾಕ್ ಎಂಬ ರಬ್ಬರು ದೋಣಿಯಿಂದ ಹಡಗಿಗೆ ಮರಳಿ ಬಂದು, ಕೆಂಪು ಕೋಟನ್ನು ಕಳಚಿಟ್ಟು, ಭೋಜನಶಾಲೆಯನ್ನು ಹೊಕ್ಕ ಕ್ಷಣದಲ್ಲಿ ಆ ವ್ರತವು ಎಲ್ಲಿ ಅಡಗಿಹೋಗುವುದು? ದಡದಲ್ಲಿ ಒಂದು ಬಿಸ್ಕತ್ತಿನ ಚೂರನ್ನೂ ತಿನ್ನಬಾರದೆಂಬ ನಿಯಮಕ್ಕೆ ತಲೆಬಾಗಿದವನ ಮುಂದೆ, ಭೂಮಂಡಲದ ಬೇರೆ ಬೇರೆ ಮೂಲೆಗಳಲ್ಲಿ ಬೆಳೆದ ಹಣ್ಣು, ಚೀಸು, ಮೀನು, ಮಾಂಸ, ಮದ್ಯಗಳು ಹರಡಿರುತ್ತವೆ. ಅಲ್ಲಿಯೂ ಕಾನೂನು ಮೌನವಾಗಿಲ್ಲ. ತಿಂದುಳಿದ ಆಹಾರವನ್ನು 25 ಮಿಲಿಮೀಟರಿಗಿಂತ ದೊಡ್ಡ ತುಣುಕು ಉಳಿಯದಂತೆ ಅರೆದು, ದಡದಿಂದಲೂ ಹಿಮದಂಚಿನಿಂದಲೂ 12 ನಾಟಿಕಲ್ ಮೈಲಿಗಳಾಚೆ ಮಾತ್ರ ವಿಸರ್ಜಿಸತಕ್ಕದ್ದೆಂದೂ, ಕೋಳಿಯ ಮಾಂಸದ ಶೇಷವನ್ನು ರೋಗಾಣುರಹಿತವಾಗಿ ಮಾಡದೆ ಸಮುದ್ರಕ್ಕೆ ಬಿಡಲೇಕೂಡದೆಂದೂ ಅಂತರರಾಷ್ಟ್ರೀಯ ನಿಯಮವುಂಟು. ಅಲ್ಲಿನ ಹಕ್ಕಿಗಳಿಗೆ ನಮ್ಮ ಹಕ್ಕಿಗಳ ರೋಗ ತಗುಲೀತೆಂಬುದು ಅದರ ಕಾರಣ. ಎಂಜಲಿಗೆ ಇಷ್ಟು ಕಟ್ಟುನಿಟ್ಟಾದ ಕಟ್ಟಳೆಯನ್ನು ಮಾಡಿದವರು ತಟ್ಟೆಗೆ ಮಾತ್ರ ಯಾವ ಅಳತೆಯನ್ನೂ ಹೇಳಲಿಲ್ಲ, ಹೇಳಲಾರರು ಕೂಡ. ಆ ಅಳತೆಯನ್ನು ಉಣ್ಣುವವನೇ ಗೊತ್ತುಮಾಡಿಕೊಳ್ಳಬೇಕೆಂದೇ ಆಚಾರ್ಯರು ಅದನ್ನು ವ್ರತವಾಗಿ ವಿಧಿಸಿದರು. ಹೊರಗಿನಿಂದ ಬಂದುದು ನಿಯಮ, ಒಳಗಿನಿಂದ ಹುಟ್ಟಿದುದು ವ್ರತ. ಹಡಗಿನ ಮೆಟ್ಟಿಲಿನ ಬಳಿ ಕೊನೆಗೊಳ್ಳುವ ಸಂಯಮವು ಇನ್ನೂ ನಿಯಮವಾಗಿಯೇ ಉಳಿದಿದೆಯೆಂದು ತಿಳಿಯಬೇಕು.

ಕ್ಯಾಬಿನ್ನಿನ ಸಂಗತಿಯೂ ವಿಚಾರಯೋಗ್ಯವಾದುದು. ಕೆಳಗಿನ ಅಂತಸ್ತಿನಲ್ಲಿ ದುಂಡಗಿನ ಸಣ್ಣ ಕಿಟಕಿಯ, ಮೂವರೋ ನಾಲ್ವರೋ ಹಂಚಿಕೊಳ್ಳತಕ್ಕ ಕೋಣೆಗಳಿರುತ್ತವೆ; ಮೇಲೇರಿದಂತೆ ಕಿಟಕಿ ಹಿಗ್ಗಿ, ಬಾಲ್ಕನಿ ಸೇರಿ, ಕಡೆಗೆ ಬೈಠಕ್ಕಿನ ಕೋಣೆಯನ್ನೂ ಒಳಗೊಂಡ ಸೂಟುಗಳು ಬರುತ್ತವೆ; ಬೆಲೆಯೂ ಅದೇ ಕ್ರಮದಲ್ಲಿ ಏರುತ್ತದೆ. ಆದರೆ ಡ್ರೇಕ್ ಜಲಸಂಧಿಯಲ್ಲಿ ಬಿರುಗಾಳಿಯೆದ್ದಾಗ ಅತ್ಯಂತ ಹೆಚ್ಚಾಗಿ ತೂಗಾಡುವುದು ಆ ಮೇಲಂತಸ್ತೇ. ಹಡಗಿನ ನಡುಭಾಗದ, ಕೆಳಗಿನ ಅಂತಸ್ತಿನ ಕೋಣೆಯೇ ಉಳಿದೆಲ್ಲಕ್ಕಿಂತ ನೆಮ್ಮದಿಯದು. ಇನ್ನು ಆಪತ್ತು ಬಂದೊದಗಿದರೆ ಅಂತಸ್ತುಗಳೆಲ್ಲ ಅಳಿಸಿಹೋಗುವುವು. ಇಂತಹ ಪ್ರಯಾಣಗಳಿಗಾಗಿಯೇ 1969ರಲ್ಲಿ ಕಟ್ಟಿದ ಮೊದಲ ಹಡಗಾದ ಎಕ್ಸ್‌ಪ್ಲೋರರ್, 2007ರ ನವೆಂಬರ್ 23ರಂದು ದಕ್ಷಿಣ ಶೆಟ್ಲೆಂಡ್ ದ್ವೀಪಗಳ ಬಳಿ ಹಿಮಕ್ಕೆ ತಾಗಿ ಮುಳುಗಿದಾಗ, ಅದರಲ್ಲಿದ್ದ 154 ಮಂದಿ ಪ್ರಯಾಣಿಕರೂ ನಾವಿಕರೂ ಗಂಟೆಗಟ್ಟಲೆ ತೆರೆದ ದೋಣಿಗಳಲ್ಲಿ ಒಬ್ಬರಿಗೊಬ್ಬರು ಒತ್ತಿ ಕುಳಿತಿದ್ದರು. ನಾರ್ಡ್‌ನಾರ್ಗೆ ಎಂಬ ನಾರ್ವೆಯ ಹಡಗು ಬಂದು ಅವರೆಲ್ಲರ ಪ್ರಾಣವನ್ನು ಉಳಿಸಿತು. ಬಾಲ್ಕನಿಯು ಪಾಪವೆಂದು ನಾನು ಹೇಳುವುದಿಲ್ಲ. ಆದರೆ ಯಾರೂ ಮನೆ ಕಟ್ಟದ ನಾಡನ್ನು ನೋಡಲು ತನ್ನ ಮನೆಯ ಸುಖವನ್ನೆಲ್ಲ ಹೊತ್ತು ಹೋಗುವವನು, ಆ ನಾಡಿನ ಶೂನ್ಯತೆಯು ತನಗೆ ಹೇಳಬಹುದಾಗಿದ್ದ ಮಾತನ್ನು ಕೇಳಿಸಿಕೊಳ್ಳದೆ ಮರಳುವ ಸಂಭವವೇ ಹೆಚ್ಚು.

ಸಂಚಾರಗಳ ವಿಷಯದಲ್ಲಿ ಅತಿಸೂಕ್ಷ್ಮವಾದ ಅಪಾಯವಿದೆ. ದಡಕ್ಕಿಳಿಯುವುದು ಸಾಮಾನ್ಯವಾಗಿ ಟಿಕೆಟ್ಟಿನ ಹಣದಲ್ಲಿಯೇ ಸೇರಿರುತ್ತದೆ. ಕಾಯಕ್ ನಡೆಯಿಸುವುದು, ಹಿಮದ ಮೇಲೆ ಒಂದು ರಾತ್ರಿ ಮಲಗುವುದು ಮೊದಲಾದವಕ್ಕೆ ಬೇರೆ ಶುಲ್ಕವಿದ್ದು, ಸ್ಥಳಗಳು ಮಿತವಾಗಿರುವುದರಿಂದ ಮುಂಗಡವಾಗಿಯೇ ಕಾದಿರಿಸಬೇಕಾಗುತ್ತದೆ. ಹಡಗುಗಳು ಕೂಡ ಯಾವ ದಿನ ಯಾವ ಕೊಲ್ಲಿಯಲ್ಲಿ ಇಳಿಯುವುದೆಂಬುದನ್ನು, ಒಂದಕ್ಕೊಂದು ಎದುರಾಗದಂತೆ, ಋತುವಿನ ಆರಂಭಕ್ಕೆ ಮುಂಚೆಯೇ ತಮ್ಮತಮ್ಮಲ್ಲಿ ಹಂಚಿಕೊಂಡಿರುತ್ತವೆ. ಇಷ್ಟಾದರೂ ಗಾಳಿ ಎದ್ದರೆ, ಹಿಮಗಡ್ಡೆ ದಾರಿಯನ್ನು ಕಟ್ಟಿದರೆ, ಎಲ್ಲವೂ ರದ್ದು. ಆಗ ಹಣ ತೆತ್ತವನ ಮನಸ್ಸಿನಲ್ಲಿ ಏಳುವ ಕಳವಳವನ್ನು ಪರೀಕ್ಷಿಸಿ ನೋಡಿದರೆ ಯಾತ್ರೆಯ ನಿಜವಾದ ಸ್ವರೂಪ ಗೊತ್ತಾಗುತ್ತದೆ. ಶ್ರವಣಬೆಳಗೊಳದ ವಿಂಧ್ಯಗಿರಿಯನ್ನು ಬರಿಗಾಲಿನಲ್ಲಿ ಹತ್ತುವವನು ಬೆಟ್ಟಕ್ಕೆ ಬೆಲೆ ತೆತ್ತಿರುವುದಿಲ್ಲವಾದುದರಿಂದ, ಮಂಜು ಮುಸುಕಿ ಮೂರ್ತಿ ಮಸುಕಾಗಿ ಕಂಡರೂ ಯಾರೊಡನೆಯೂ ಜಗಳವಾಡುವುದಿಲ್ಲ. ನೋಡುವುದು ಹಕ್ಕೆಂದು ತಿಳಿದವನಿಗೆ ಎಂದೂ ತೃಪ್ತಿಯಿಲ್ಲ. ದೊರೆತರೆ ಅನುಗ್ರಹ, ದೊರೆಯದಿದ್ದರೆ ಅದು ಹಿಮದ ಇಚ್ಛೆ ಎಂದು ತಿಳಿದವನಿಗೆ ಹಡಗಿನ ಅಟ್ಟದಿಂದ ಕಂಡ ಬೂದುಬಣ್ಣದ ದಿಗಂತವೂ ದರ್ಶನವೇ.

ಹೋಗದಿರುವುದೇ ದಾನವೆಂಬ ಮಾತಿಗೆ ಒಂದು ಗಂಭೀರವಾದ ಆಕ್ಷೇಪವಿದೆ. 1966ರಲ್ಲಿ ಪ್ರವಾಸಿಗರ ತಂಡವನ್ನು ಅಂಟಾರ್ಕ್ಟಿಕಾಕ್ಕೆ ಕರೆದೊಯ್ದು, ಎಕ್ಸ್‌ಪ್ಲೋರರ್ ಹಡಗನ್ನು ಕಟ್ಟಿಸಿದ ಲಾರ್ಸ್ ಎರಿಕ್ ಲಿಂಡ್‌ಬ್ಲಾಡ್ ಎಂಬ ಉದ್ಯಮಿಯ ನಂಬುಗೆ ಇದು: ಅರಿಯದುದನ್ನು ಯಾರೂ ಕಾಪಾಡಲಾರರು, ಕಂಡು ಬಂದವರೇ ಆ ಖಂಡದ ರಕ್ಷಕರಾಗುವರು. ಈ ನಂಬುಗೆಯಲ್ಲಿ ಸತ್ಯವಿಲ್ಲದಿಲ್ಲ. ಮೇಲೆ ಹೇಳಿದ ದಡದ ನಿಯಮಗಳಲ್ಲಿ ಹಲವನ್ನು ರೂಪಿಸಿದವರು ಅಲ್ಲಿಗೆ ಜನರನ್ನು ಕರೆದೊಯ್ಯುವವರೇ. ಆದರೆ ಅಲ್ಲಿ ಗಣಿಗಾರಿಕೆಯನ್ನು ನಿಷೇಧಿಸಿದ 1991ರ ಮ್ಯಾಡ್ರಿಡ್ ಒಡಂಬಡಿಕೆಗೆ ಮುನ್ನ, ಫ್ರಾನ್ಸಿನ ಸಾಗರಶೋಧಕ ಜಾಕ್ ಕುಸ್ತೋ ಅವರ ಮನವಿಗೆ ಸಹಿಹಾಕಿದ ಲಕ್ಷಾಂತರ ಜನರಲ್ಲಿ ಬಹುಮಂದಿ ಆ ಹಿಮವನ್ನು ಕಂಡವರಲ್ಲ. ಇನ್ನು ಕಂಡವರೆಲ್ಲರೂ ರಕ್ಷಕರಾದರೆಂಬುದಕ್ಕೆ ವಿರುದ್ಧ ಸಾಕ್ಷ್ಯವೂ ಆ ಸಮುದ್ರದಲ್ಲಿಯೇ ಇದೆ. ದಕ್ಷಿಣ ಜಾರ್ಜಿಯಾ ದ್ವೀಪದ ಗ್ರಿಟ್ವಿಕೆನ್ನಿನಲ್ಲಿ 1904ರಲ್ಲಿ ನೆಲೆಯೂರಿದ ತಿಮಿಂಗಿಲ ಬೇಟೆಗಾರರು ಆ ಸಾಗರವನ್ನು ಯಾವ ಪ್ರವಾಸಿಗಿಂತಲೂ ಚೆನ್ನಾಗಿ ಕಂಡವರು. 1913ರಲ್ಲಿ ಅವರು ಕಟ್ಟಿದ ಬಿಳಿಯ ಚರ್ಚು, ತುಕ್ಕು ಹಿಡಿದ ಎಣ್ಣೆಯ ಹಂಡೆಗಳ ಪಕ್ಕದಲ್ಲಿ ಇಂದಿಗೂ ನಿಂತಿದೆ. ಆ ದ್ವೀಪದ ಸುತ್ತ ಅರುವತ್ತು ವರ್ಷಗಳಲ್ಲಿ ಕೊಲ್ಲಲ್ಪಟ್ಟ ತಿಮಿಂಗಿಲಗಳು ಸುಮಾರು 1,75,000. ಪ್ರಾರ್ಥನೆಯೂ ಇತ್ತು, ದರ್ಶನವೂ ಇತ್ತು, ಇಲ್ಲದಿದ್ದುದು ಪರಿಮಾಣವೊಂದೇ. ಈಗಿನ ಯಾತ್ರಿಕನು ಯಾರನ್ನೂ ಕೊಲ್ಲಲು ಹೋಗುವುದಿಲ್ಲವೆಂಬುದು ನಿಜ. ಆದರೂ ಹಡಗುಗಳ ಹೊಗೆಯ ಮಸಿ ಹಿಮದ ಮೇಲೆ ಕುಳಿತು ಅದನ್ನು ಬೇಗ ಕರಗಿಸುವುದೆಂದೂ, ಒಬ್ಬೊಬ್ಬ ಪ್ರವಾಸಿಯ ಪಾಲಿಗೆ ಸುಮಾರು 83 ಟನ್ ಹಿಮದ ಕರಗುವಿಕೆ ಬರುವುದೆಂದೂ 2022ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಲೆಕ್ಕ ಹಾಕಿದೆ. ಪ್ರವಾಸಿಗರ ಸಂಖ್ಯೆ ಇತ್ತೀಚಿನ ಋತುಗಳಲ್ಲಿ ಒಂದು ಲಕ್ಷವನ್ನು ದಾಟಿದೆ.

ಆದುದರಿಂದ ನನ್ನ ನಿರ್ಣಯ ಇಷ್ಟು. ಅಲ್ಲಿನ ಜೀವವನ್ನೋ ನೆಲವನ್ನೋ ಅರಿಯುವ ನಿಜವಾದ ಕಾರ್ಯವುಳ್ಳವನು ಹೋಗಲಿ. ಕಾರ್ಯವಿಲ್ಲದೆಯೂ ತಡೆಯಲಾರದ ಹಂಬಲವಿರುವವನು, ಚಿಕ್ಕ ಹಡಗಿನಲ್ಲಿ, ಹಂಚಿಕೊಂಡ ಕೋಣೆಯಲ್ಲಿ, ಮಿತವಾಗಿ ಉಂಡು, ಜೀವಮಾನದಲ್ಲಿ ಒಮ್ಮೆ ಹೋಗಿಬರಲಿ. ಹೆಸರುಗಳ ಪಟ್ಟಿಯಲ್ಲಿ ಏಳನೆಯ ಖಂಡವನ್ನೂ ಸೇರಿಸಿಕೊಳ್ಳಬೇಕೆಂಬುದಷ್ಟೇ ಕಾರಣವಾದರೆ, ಅದು ಅನರ್ಥದಂಡವೇ ಸರಿ; ಅಂಥವನು ಹೋಗಕೂಡದು.

ವ್ಯಕ್ತಿಯ ವ್ರತವೊಂದೇ ಸಾಲದೆಂಬುದನ್ನೂ ಹೇಳಬೇಕು. ಒಂದು ಸ್ಥಳದಲ್ಲಿ ಒಮ್ಮೆಗೆ ಎಷ್ಟು ಮಂದಿ ಎಂಬುದಕ್ಕೆ ಎಲ್ಲೆಯುಂಟೇ ಹೊರತು, ಒಂದು ಋತುವಿನಲ್ಲಿ ಒಟ್ಟು ಎಷ್ಟು ಮಂದಿ ಎಂಬುದಕ್ಕೆ ಅಂಟಾರ್ಕ್ಟಿಕಾ ಒಪ್ಪಂದದ ರಾಷ್ಟ್ರಗಳು ಇನ್ನೂ ಎಲ್ಲೆಯನ್ನು ಕಟ್ಟಿಲ್ಲ. ಭಾರತವು 1983ರಲ್ಲಿ ಆ ಒಪ್ಪಂದಕ್ಕೆ ಸೇರಿ, ಅದರ ಸಭೆಗಳಲ್ಲಿ ನಿರ್ಣಯಾಧಿಕಾರವನ್ನು ಪಡೆದಿರುವ ರಾಷ್ಟ್ರ. 2024ರ ಮೇ ತಿಂಗಳಿನಲ್ಲಿ ಒಪ್ಪಂದದ ನಲವತ್ತಾರನೆಯ ಸಮಾಲೋಚನಾ ಸಭೆ ನಮ್ಮ ಕೊಚ್ಚಿಯಲ್ಲಿಯೇ ನಡೆದು, ಪ್ರವಾಸವನ್ನು ನಿಯಂತ್ರಿಸುವ ಚೌಕಟ್ಟಿನ ಚರ್ಚೆ ಅಲ್ಲಿ ವಿಶೇಷವಾಗಿ ಕೈಗೆತ್ತಿಕೊಳ್ಳಲ್ಪಟ್ಟಿತು. ದಿಕ್ಕುಗಳಿಗೂ ವ್ರತವಿದೆಯೆಂದು ಸಾವಿರ ವರ್ಷಗಳಿಗೂ ಹಿಂದೆಯೇ ಕಂಡುಕೊಂಡ ನಾಡಿನ ಪ್ರತಿನಿಧಿಗಳು, ಮುಂದಿನ ಸಭೆಗಳಲ್ಲಿ ಒಟ್ಟು ಸಂಖ್ಯೆಗೆ ಮಿತಿಯನ್ನು ಕೇಳುವ ರಾಷ್ಟ್ರಗಳ ಮೊದಲ ಸಾಲಿನಲ್ಲಿ ನಿಲ್ಲಬೇಕು.